ಗಾಜಿನ ಸೀಸೆಯೊಳಗಿನ ಜರೀಗಿಡ



ಅಧ್ಯಾಪಕನು ನಿವೃತ್ತನಾದರೂ ಅವನು ತರಗತಿಯಲ್ಲಿ ಆಡಿದ ತಪ್ಪು ಮಾತು ನಿವೃತ್ತವಾಗುವುದಿಲ್ಲ. ಅಂತಹ ನನ್ನದೊಂದು ಮಾತನ್ನು ಇಂದು ಹಿಂದಕ್ಕೆ ಪಡೆಯಬೇಕಾಗಿದೆ.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನ ಮಗಳಿಗೆ ಉಬ್ಬಸ. "ರಸ್ತೆಯ ಧೂಳೆಂದು ಕಿಟಕಿಗಳನ್ನು ಮುಚ್ಚಿಬಿಟ್ಟಿದ್ದೇನೆ ಸರ್. ಆದರೆ ಅವಳ ಕೋಣೆಯಲ್ಲಿ ಹತ್ತು ಕುಂಡಗಳಿವೆ. ಗಿಡ ಗಾಳಿಯನ್ನು ಶುದ್ಧಮಾಡುತ್ತದೆ ಎಂದು ನೀವೇ ಹೇಳಿದ್ದಿರಲ್ಲ!" ಎಂದ. ನಾನು ನಿಜವಾಗಿಯೂ ಹೇಳಿದ್ದೆ. ಪತ್ರಿಕೆಯೊಂದರಲ್ಲಿ ಓದಿದ್ದನ್ನು ಪರೀಕ್ಷಿಸದೆ, ತರಗತಿಯ ಕಿಟಕಿಯಲ್ಲಿ ಮನಿ ಪ್ಲಾಂಟ್ ಇಡಿಸಿದ ದಿನ, ಬಹಳ ಗಾಂಭೀರ್ಯದಿಂದಲೇ ಹೇಳಿದ್ದೆ. ಅವನ ಮಾತು ಕೇಳಿ ನನಗೆ ಆ ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ.

ಗಿಡಕ್ಕೂ ಮನೆಯ ಗಾಳಿಗೂ ಇರುವ ನಂಟಿನ ಚರಿತ್ರೆಯನ್ನು ನೋಡಿದರೆ, ನಾನು ಹೇಳಿದ್ದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಸಂಗತಿ ಕಾಣುತ್ತದೆ. ಮನೆಯ ಗಾಳಿಯಿಂದ ಗಿಡವನ್ನು ಕಾಪಾಡುವುದೇ ಅಲ್ಲಿ ಮೊದಲ ಸಮಸ್ಯೆಯಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರವನ್ನು ಕಲ್ಪಿಸಿಕೊಳ್ಳಿ. ಮನೆಮನೆಯಲ್ಲೂ ಕಲ್ಲಿದ್ದಲಿನ ಒಲೆ, ಕಾರ್ಖಾನೆಗಳ ಹೊಗೆ. ಹಡಗುಕಟ್ಟೆಗೆ ಸಮೀಪದ ವೆಲ್‌ಕ್ಲೋಸ್ ಸ್ಕ್ವೇರ್‌ನಲ್ಲಿ ನತಾನಿಯಲ್ ಬ್ಯಾಗ್‌ಶಾ ವಾರ್ಡ್ ಎಂಬ ವೈದ್ಯರಿದ್ದರು. ಜರೀಗಿಡಗಳೆಂದರೆ ಅವರಿಗೆ ಪ್ರಾಣ. ಆದರೆ ನೆಟ್ಟವೆಲ್ಲ ಹೊಗೆಗೆ ಸಾಯುತ್ತಿದ್ದವು. 1829ರಲ್ಲಿ ಅವರು ಪತಂಗವೊಂದರ ಕೋಶವನ್ನು ತೇವವಾದ ಮಣ್ಣಿನಲ್ಲಿಟ್ಟು, ಅಗಲ ಬಾಯಿಯ ಸೀಸೆಯಲ್ಲಿ ಮುಚ್ಚಿಟ್ಟರು. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಪುಟ್ಟ ಜರೀಗಿಡವೂ ಒಂದು ಹುಲ್ಲೂ ತಲೆಯೆತ್ತಿದವು. ಹಗಲಿನಲ್ಲಿ ಮಣ್ಣಿನ ತೇವ ಆವಿಯಾಗಿ ಗಾಜಿಗಂಟಿ, ಮತ್ತೆ ಹನಿಯಾಗಿ ಮಣ್ಣಿಗೇ ಇಳಿಯುತ್ತಿತ್ತು. ಹೊಗೆ ಮಾತ್ರ ಒಳಗೆ ಬರುತ್ತಿರಲಿಲ್ಲ. ತೋಟದಲ್ಲಿ ಬದುಕದಿದ್ದುದು ಸೀಸೆಯಲ್ಲಿ ನಾಲ್ಕು ವರ್ಷಗಳಷ್ಟು ಕಾಲ ಬದುಕಿತು.

1833ರಲ್ಲಿ ವಾರ್ಡ್ ಇದೇ ತತ್ತ್ವದ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಕಳುಹಿಸಿದರು. ಗಿಡಗಳು ಜೀವಂತವಾಗಿ ತಲುಪಿದವು. ಮರುಪಯಣದಲ್ಲಿ ಅಲ್ಲಿಯ ಗಿಡಗಳು ಕೇಪ್ ಹಾರ್ನಿನ ಹಿಮವನ್ನೂ ಸಮಭಾಜಕ ವೃತ್ತದ ಸೆಕೆಯನ್ನೂ ದಾಟಿ ಲಂಡನ್ ಸೇರಿದವು. ಮುಂದೆ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಭಾರತಕ್ಕೆ ತಂದುದು ಇಂತಹ ಪೆಟ್ಟಿಗೆಗಳಲ್ಲಿಯೇ. 1860ರ ದಶಕದಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ಸಸಿಗಳು ನಮ್ಮ ನೀಲಗಿರಿಗೆ ಬಂದುದೂ ಹಾಗೆಯೇ. ವೈದ್ಯರೊಬ್ಬರ ಹವ್ಯಾಸ ಸಾಮ್ರಾಜ್ಯದ ವ್ಯಾಪಾರಕ್ಕೆ ಉಪಕರಣವಾಯಿತು. 1842ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಾರ್ಡ್ ನಗರದ ಬಡವರ ಮನೆಗಳಿಗೂ ಹಸಿರು ಸಿಗಬೇಕೆಂಬ ಆಸೆಯನ್ನು ತೋಡಿಕೊಂಡಿದ್ದರು.

ಗಾಜಿನ ಪೆಟ್ಟಿಗೆ ಎಲ್ಲರ ಕೈಗೆಟುಕುವಂತಹುದಲ್ಲ. ಸಾಮಾನ್ಯ ಮನೆಗಳು ಬೇರೊಂದು ದಾರಿ ಹಿಡಿದವು. ಕೆಟ್ಟ ಗಾಳಿಯನ್ನು ಸಹಿಸುವ ಗಿಡವನ್ನೇ ಆರಿಸಿದವು. ಪೂರ್ವ ಏಷ್ಯಾದ ಕಾಡಿನ ನೆರಳಿನಲ್ಲಿ ಬೆಳೆಯುವ ಆಸ್ಪಿಡಿಸ್ಟ್ರಾ ಮಬ್ಬುಗತ್ತಲೆ, ಮಸಿ, ಗ್ಯಾಸ್ ದೀಪದ ಹೊಗೆ, ಮನೆಯವರ ಮರೆವು ಎಲ್ಲವನ್ನೂ ತಾಳಿಕೊಂಡಿತು. ಜನ ಅದನ್ನು ಎರಕದ ಕಬ್ಬಿಣದ ಗಿಡವೆಂದೇ ಕರೆದರು. ಮಧ್ಯಮವರ್ಗದ ಪ್ರತಿ ಮನೆಯಲ್ಲೂ ಅದು ಎಷ್ಟು ಸಾಮಾನ್ಯವಾಯಿತೆಂದರೆ, 1936ರಲ್ಲಿ ಜಾರ್ಜ್ ಆರ್ವೆಲ್ ತಮ್ಮ ಕಾದಂಬರಿಯೊಂದರ ಶೀರ್ಷಿಕೆಯಲ್ಲಿಯೇ ಆ ಗಿಡದ ಹೆಸರನ್ನಿಟ್ಟರು.

ಹಾಗಾದರೆ ಗಾಳಿ ಶುದ್ಧವಾಗುವ ಮಾತು ಎಲ್ಲಿಂದ ಬಂತು? 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿ ವುಲ್ವರ್ಟನ್ ಮತ್ತು ಸಂಗಡಿಗರು, ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಬೆಂಜೀನ್‌ನಂತಹ ಅನಿಲಗಳು ಕಡಿಮೆಯಾಗುವುದನ್ನು ತೋರಿಸಿದರು. ಪ್ರಯೋಗ ಸುಳ್ಳಲ್ಲ. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. 2019ರಲ್ಲಿ ಕಮಿಂಗ್ಸ್ ಮತ್ತು ವೇರಿಂಗ್ ಎಂಬ ಸಂಶೋಧಕರು ಇಂತಹ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕಹಾಕಿದರು. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ, ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು ಕಂಡುಬಂತು. ಹತ್ತು ಅಡಿಗೆ ಹತ್ತು ಅಡಿಯ ಕೋಣೆಗೆ ಕಡಿಮೆಯೆಂದರೂ 90ಕ್ಕೂ ಮೇಲ್ಪಟ್ಟು ಕುಂಡಗಳು! ಅಲ್ಲಿ ಮಗು ಎಲ್ಲಿ ಮಲಗಬೇಕು?

ಗಿಡದಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಅಮೆರಿಕದ ಆಸ್ಪತ್ರೆಯೊಂದರ ದಾಖಲೆಗಳನ್ನು ಪರಿಶೀಲಿಸಿ, ಕಿಟಕಿಯಾಚೆ ಮರಗಳು ಕಾಣುತ್ತಿದ್ದ ರೋಗಿಗಳು ಇಟ್ಟಿಗೆಯ ಗೋಡೆಯನ್ನು ನೋಡುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದನ್ನು ಗುರುತಿಸಿದರು. ಅದು ಮರಗಳ ಮಾತು. ಕುಂಡದ ಗಿಡಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಬೆಳಗ್ಗೆ ಎದ್ದು ಹೊಸ ಚಿಗುರನ್ನು ಕಾಣುವ ಸಂತೋಷಕ್ಕೆ ಸಂಶೋಧನೆಯ ಸಾಕ್ಷ್ಯ ಬೇಕಿಲ್ಲ.

ಬಿಡುವಿಲ್ಲದವರು ಲಂಡನ್ನಿನ ಆ ಹಳೆಯ ಗೃಹಿಣಿಯರಂತೆ ತಮ್ಮ ಮನೆಗೆ ಒಗ್ಗುವ ಗಿಡವನ್ನು ಆರಿಸಬೇಕು. ಪಶ್ಚಿಮ ಆಫ್ರಿಕದ ಸ್ನೇಕ್ ಪ್ಲಾಂಟ್ ದಪ್ಪ ಎಲೆಗಳಲ್ಲೂ, ಪೂರ್ವ ಆಫ್ರಿಕದ ಜೀಜೀ ಗಿಡ ನೆಲದೊಳಗಿನ ಗೆಡ್ಡೆಯಲ್ಲೂ ನೀರನ್ನು ಕೂಡಿಟ್ಟುಕೊಳ್ಳುತ್ತವೆ. ಮನಿ ಪ್ಲಾಂಟ್ ಕಡಿಮೆ ಬೆಳಕಿನಲ್ಲೂ ಹಬ್ಬುತ್ತದೆ. ಆದರೆ ಅದರ ಎಲೆ ಮಕ್ಕಳ ಬಾಯಿಗೆ ಹೋಗಬಾರದು, ಬಾಯಿ ಉರಿಯುತ್ತದೆ. ಇವು ಸಾಯುವುದು ಸಾಮಾನ್ಯವಾಗಿ ನಮ್ಮ ಅತಿಯಾದ ಪ್ರೀತಿಯಿಂದ. ನೀರು ನಿಂತರೆ ಬೇರಿಗೆ ಗಾಳಿಯಿಲ್ಲದೆ ಕೊಳೆಯುತ್ತದೆ. ಕುಂಡದ ತಳದಲ್ಲಿ ತೂತಿರಲಿ. ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಸದಾ ತೇವವಾಗಿರುವ ಮಣ್ಣಿನಲ್ಲಿ ಬೂಸ್ಟು ಬೆಳೆಯುತ್ತದೆ. ಉಬ್ಬಸವಿರುವವರಿಗೆ ಅದು ಒಳ್ಳೆಯದಲ್ಲ.

ಮರುದಿನ ಬೆಳಗ್ಗೆ ಆ ವಿದ್ಯಾರ್ಥಿಗೆ ದೂರವಾಣಿ ಮಾಡಿದೆ. "ನಾನು ಅಂದು ಹೇಳಿದ್ದು ತಪ್ಪಪ್ಪಾ. ಕುಂಡಗಳನ್ನು ವರಾಂಡಕ್ಕೆ ಸಾಗಿಸು. ವಾಹನಗಳ ಓಡಾಟ ಕಡಿಮೆಯಿರುವ ಹೊತ್ತಿನಲ್ಲಿ ಕಿಟಕಿ ತೆರೆ. ಉಳಿದುದನ್ನು ವೈದ್ಯರನ್ನು ಕೇಳಿ ಮಾಡು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಅವನು ನಗುತ್ತ, "ಪರೀಕ್ಷೆಯಲ್ಲಿ ನಾನು ಹಾಗೆಯೇ ಬರೆದಿದ್ದೆ ಸರ್, ನೀವು ಪೂರ್ತಿ ಅಂಕ ಕೊಟ್ಟಿದ್ದಿರಿ" ಎಂದ.

ಆ ಅಂಕಗಳು ಅವನಿಗೇ ಇರಲಿ. ಕಳೆಯಬೇಕಾದುದು ನನ್ನ ಅಂಕಗಳನ್ನು. ಅಂದು ಆ ತರಗತಿಯಲ್ಲಿ ಕುಳಿತಿದ್ದ ಉಳಿದವರೂ ಇದನ್ನು ಓದಿ ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ.