ಬುತ್ತಿಯ ಗಂಟು

ನಮ್ಮ ಅಜ್ಜಿಗೆ ಬೆಂಗಳೂರೆಂದರೆ ಲಾಲ್‌ಬಾಗೂ ಅಲ್ಲ, ಅರಮನೆಯೂ ಅಲ್ಲ, ಜೈಲು. ನೆರೆಮನೆಯ ಹೆಂಗಸರು ಬೆಂಗಳೂರಿಗೆ ಹೋಗಿಬಂದು ಅಲ್ಲಿನ ಅಂಗಡಿ, ಸೀರೆ, ದೀಪಗಳ ವರ್ಣನೆಗೆ ತೊಡಗಿದರೆ ಅಜ್ಜಿ ಕಡಲೆಕಾಯಿ ಸುಲಿಯುತ್ತ, "ನಾನು ಏಳು ಸಲ ಹೋಗಿದ್ದೀನಿ ಕಣ್ರೇ. ರೈಲಿಳಿದು ಸ್ವಲ್ಪ ದೂರ ನಡೆದರೆ ಒಂದು ದೊಡ್ಡ ಗೋಡೆ. ಅದನ್ನ ನೋಡಿಕೊಂಡು ಬಂದಿದ್ದೀನಿ" ಎನ್ನುತ್ತಿದ್ದಳು. ಆಮೇಲೆ ಯಾರೂ ಮಾತನಾಡುತ್ತಿರಲಿಲ್ಲ.

ಆ ಗೋಡೆಯ ಹಿಂದೆ ಇದ್ದವನು ನಮ್ಮ ತಾತ. ಇಸವಿ 1942. ತಾತ ದೊಡ್ಡ ಮುಂದಾಳೇನೂ ಅಲ್ಲ. ನಾಲ್ಕೆಕರೆ ಖುಷ್ಕಿ, ಒಂದು ಬಾವಿ, ಎರಡು ಎಮ್ಮೆ ಇದ್ದ ರೈತ. ಅಂಥವನು ಜೈಲಿಗೆ ಹೋಗುವಂತಾದದ್ದಕ್ಕೆ ಕಾರಣ ತಿಳಿಯಬೇಕಾದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ಗೌರಿಬಿದನೂರಿನಿಂದ ಆರೇಳು ಕಿಲೋಮೀಟರ್ ದೂರದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥವಿದೆ. ವಿದುರ ನೆಟ್ಟನೆಂದು ಜನ ನಂಬಿದ್ದ ಅಶ್ವತ್ಥ ಮರ, ಅದರ ಸುತ್ತ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು. ಆ ಹಳೆಯ ಮರ 2001ರಲ್ಲಿ ಬಿದ್ದುಹೋಯಿತು, ಕಲ್ಲುಗಳಿವೆ. 1938ರ ಏಪ್ರಿಲ್‌ನಲ್ಲಿ ಮಂಡ್ಯ ಸೀಮೆಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ನಿಷೇಧ ಮೀರಿ ಬಾವುಟ ಹಾರಿಸಿ ಬಂಧನಕ್ಕೊಳಗಾದರು. ಅದರ ಕಾವು ಊರೂರಿಗೂ ಹಬ್ಬಿತು. ಏಪ್ರಿಲ್ 25ರಂದು ವಿದುರಾಶ್ವತ್ಥದ ತೋಪಿನಲ್ಲಿ ಸಾವಿರಾರು ಜನ ಬಾವುಟಕ್ಕೆಂದು ಸೇರಿದಾಗ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಮೂವತ್ತಕ್ಕೂ ಹೆಚ್ಚು ಎಂದರು ಜನ. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಬಂದದ್ದು ಹೀಗೆ. ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿ ಒಪ್ಪಂದವಾಯಿತು. ಜೈಲಿನಲ್ಲಿದ್ದ ಸತ್ಯಾಗ್ರಹಿಗಳು ಹೊರಬಂದರು, ಬಾವುಟಕ್ಕೂ ಒಂದು ಜಾಗ ಸಿಕ್ಕಿತು.

ಆ ದಿನ ತೋಪಿನಿಂದ ಓಡಿಬಂದವರಲ್ಲಿ ತಾತನೂ ಒಬ್ಬ. ಓಡಿಬಂದೆನಲ್ಲ ಎಂಬ ಮುಳ್ಳು ಅವನಲ್ಲಿ ಉಳಿದುಬಿಟ್ಟಿತ್ತು. 1942ರಲ್ಲಿ 'ಕ್ವಿಟ್ ಇಂಡಿಯಾ' ಕೂಗು ಬಂದಾಗ ಅವನು ಓಡಲಿಲ್ಲ. ನಮ್ಮ ತಾಲ್ಲೂಕಿನ ಹೊಸೂರಿನವರೇ ಆದ ಎಚ್. ನರಸಿಂಹಯ್ಯನವರು, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದವರು, ಆಗ ಓದು ಬಿಟ್ಟು ಜೈಲು ಸೇರಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಓದು ಬಿಡಲು ಓದೇ ಇಲ್ಲದ ನಮ್ಮ ತಾತನಂಥವರೂ ಹೋದರು.

ಇನ್ನು ಅಜ್ಜಿಯ ಕಥೆ. ಮೀಟರ್ ಗೇಜ್ ರೈಲು. ದೊಡ್ಡಬಳ್ಳಾಪುರ, ಯಲಹಂಕ ದಾಟಿ ಬೆಂಗಳೂರು ಸಿಟಿ. ಅವಳ ಗಂಟಿನಲ್ಲಿ ಹುರಿಹಿಟ್ಟು, ಬೆಲ್ಲ, ಹುರಿದ ಕಡಲೆಕಾಯಿ, ಹುಚ್ಚೆಳ್ಳಿನ ಪುಡಿ. ಮುದ್ದೆ ಕಟ್ಟಿಕೊಂಡು ಹೋದರೆ ತಲುಪುವ ಹೊತ್ತಿಗೆ ಕಲ್ಲಾಗುತ್ತದೆಂದು ಮೊದಲ ಸಲವೇ ಅರ್ಥವಾಗಿತ್ತು. ಬಾಗಿಲಲ್ಲಿ ಗಂಟು ಬಿಚ್ಚಿ, ಹಿಟ್ಟಿನೊಳಕ್ಕೆ ಕಡ್ಡಿ ಆಡಿಸಿ ನೋಡಿ ಒಳಕ್ಕೆ ಬಿಡುತ್ತಿದ್ದರಂತೆ. ಒಂದು ಸಲ ಭೇಟಿಯ ದಿನ ತಪ್ಪಾಗಿ ತಿಳಿದು ಹೋಗಿ, ಗಂಟು ಮಾತ್ರ ಕೊಟ್ಟು, ಗೋಡೆ ನೋಡಿಕೊಂಡು ಬಂದಳು. ಅದನ್ನೂ ಸೇರಿಸಿ ಏಳು ಸಲ.

ನಡುನಡುವೆ ಕಾಗದ. ಅಜ್ಜಿಗೆ ಅಕ್ಷರ ಬಾರದು. ನಮ್ಮ ಕಡೆಯ ಬಹಳ ಮನೆಗಳಂತೆ ನಮ್ಮದೂ ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಅವಳು ತೆಲುಗಿನಲ್ಲಿ ಹೇಳಬೇಕು, ಶಾಲೆಯ ಮೇಷ್ಟ್ರು ಕನ್ನಡದಲ್ಲಿ ಬರೆಯಬೇಕು, ಜೈಲಿನವರು ಓದಬೇಕು, ಆಮೇಲೆ ತಾತನಿಗೆ. ಇಷ್ಟು ಕೈ ದಾಟುವ ಕಾಗದದಲ್ಲಿ ಏನು ತಾನೇ ಬರೆಸುವುದು? "ಕರಿ ಎಮ್ಮೆ ಕರು ಹಾಕಿತು, ಹೆಣ್ಣು. ಬಾವಿಯಲ್ಲಿ ನಾಲ್ಕು ಮೆಟ್ಟಿಲು ನೀರಿದೆ. ರಾಗಿ ತೆನೆ ಕಟ್ಟಿದೆ." ಮೇಷ್ಟ್ರು ದೇಶಭಕ್ತಿಯ ಎರಡು ಸಾಲು ಸೇರಿಸಲು ಹೋದರೆ ಅಜ್ಜಿ ಬೇಡವೆನ್ನುತ್ತಿದ್ದಳು. "ಅದು ಅವರಿಗೇ ಗೊತ್ತು. ಎಮ್ಮೆ ವಿಷಯ ಗೊತ್ತಿಲ್ಲ."

ತಾತ ಕೊನೆಯವರೆಗೂ ಹೇಳುತ್ತಿದ್ದದ್ದು ಆ ಎಮ್ಮೆಯ ಮಾತನ್ನೇ. ಜೊತೆಗೆ ಇನ್ನೊಂದು ಮಾತು. ಅಡುಗೆಯ ಕೆಲಸಕ್ಕೆ ಒಬ್ಬ ಕೈದಿ ಬರುತ್ತಿದ್ದನಂತೆ, ಕಳ್ಳತನಕ್ಕೆ ಶಿಕ್ಷೆಯಾದವನು. ವರ್ಷಗಟ್ಟಲೆ ಅವನನ್ನು ನೋಡಲು ಯಾರೂ ಬಂದಿರಲಿಲ್ಲ. ತಾತ ಹುರಿಹಿಟ್ಟಿನಲ್ಲಿ ಪಾಲು ಕೊಟ್ಟಾಗ ಅವನು ತಿನ್ನಲಿಲ್ಲ. ಮೂಸಿ ನೋಡಿ, ಬಟ್ಟೆಯ ಚುಂಗಿನಲ್ಲಿ ಕಟ್ಟಿಕೊಂಡ. ಇದನ್ನು ಕೇಳಿದ ಮೇಲೆ ಅಜ್ಜಿಯ ಗಂಟು ದೊಡ್ಡದಾಯಿತು. "ಅವನಿಗೂ" ಎಂದಷ್ಟೇ ಹೇಳಿ ಕೊಡುತ್ತಿದ್ದಳು.

ಅದೇ ಜೈಲಿನ ಇನ್ನೊಂದು ಕಾಗದದ ಕಥೆ ತುರ್ತುಪರಿಸ್ಥಿತಿಯ ಕಾಲದ್ದು. 1975ರ ಜೂನ್ 26ರಂದು ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಹಿಡಿದು ಸೆಂಟ್ರಲ್ ಜೈಲಿನಲ್ಲಿಟ್ಟರು. ದಂಡವತೆಯವರ ಪತ್ನಿ ಪ್ರಮೀಳಾ ಪುಣೆಯ ಯರವಾಡ ಜೈಲಿನಲ್ಲಿ. ಗಂಡ ಒಂದು ಗೋಡೆಯೊಳಗೆ, ಹೆಂಡತಿ ಇನ್ನೊಂದು ಗೋಡೆಯೊಳಗೆ. ಹದಿನೆಂಟು ತಿಂಗಳಲ್ಲಿ ಇವರ ನಡುವೆ ಸುಮಾರು ಇನ್ನೂರು ಪತ್ರ ಓಡಾಡಿದವು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನೂ 1976ರಲ್ಲಿ ಅದೇ ಜೈಲಿನಲ್ಲಿಟ್ಟಿದ್ದರು. ಅಸ್ತಮಾದಿಂದ ಸೊರಗಿದ ಅವರು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲು ಈಗ ಪರಪ್ಪನ ಅಗ್ರಹಾರಕ್ಕೆ ಹೋಗಿದೆ. ಅಜ್ಜಿಯ ಗೋಡೆಯ ಜಾಗದಲ್ಲಿ 2008ರಿಂದ ಫ್ರೀಡಂ ಪಾರ್ಕ್ ಇದೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿದವನು. ಪ್ರತಿ ಆಗಸ್ಟ್ 15ಕ್ಕೆ ಅಜ್ಜಿಯ ಗಂಟಿನ ಕಥೆ ಹೇಳುತ್ತಿದ್ದೆ, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅಡುಗೆಯ ಕೈದಿಯ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ಸ್ವಾತಂತ್ರ್ಯೋತ್ಸವದ ದಿನ ಕಳ್ಳನ ಮಾತೇಕೆ ಎಂದು.

2003ರಲ್ಲಿ ನನ್ನ ತಮ್ಮ ಜೈಲಿಗೆ ಹೋದ. ಸತ್ಯಾಗ್ರಹವಲ್ಲ. ಹೊಲದ ಬದುವಿನ ಜಗಳ, ಕೈಗೆ ಸಿಕ್ಕಿದ ದೊಣ್ಣೆ, ಎದುರಿನವನ ತಲೆಗೆ ಪೆಟ್ಟು. ಜಾಮೀನು ಸಿಗಲು ನಾಲ್ಕು ತಿಂಗಳು ಹಿಡಿಯಿತು. ನಾನು ವಕೀಲರನ್ನು ಗೊತ್ತುಮಾಡಿದೆ, ಫೀಜು ಕೊಟ್ಟೆ, ನ್ಯಾಯಾಲಯದ ತಾರೀಕುಗಳನ್ನು ಡೈರಿಯಲ್ಲಿ ಬರೆದಿಟ್ಟೆ. ಅವನನ್ನು ನೋಡಲು ಮಾತ್ರ ಹೋಗಲಿಲ್ಲ. ಶಾಲೆ ಇದೆ ಎಂದೆ, ಪರೀಕ್ಷೆ ಎಂದೆ. ಜೈಲಿನ ಬಾಗಿಲಲ್ಲಿ ಸಾಲಿನಲ್ಲಿ ನಿಂತಾಗ ಹಳೆಯ ವಿದ್ಯಾರ್ಥಿ ಯಾರಾದರೂ "ಏನ್ ಸಾರ್, ಇಲ್ಲಿ?" ಎಂದು ಕೇಳಿಬಿಟ್ಟರೆ? ಅದೊಂದೇ ಹೆದರಿಕೆ.

ಚರಿತ್ರೆಯ ಮೇಷ್ಟ್ರಾದ್ದರಿಂದ ಕಾನೂನನ್ನು ಮಾತ್ರ ಚೆನ್ನಾಗಿ ಓದಿಕೊಂಡೆ. ವಿಚಾರಣಾಧೀನ ಕೈದಿ ಹೊರಗಿನಿಂದ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಲು ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಯೇ ಅವಕಾಶ ಕೊಟ್ಟಿತ್ತು. ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ, ತನ್ನ ಸಂಕಟಕ್ಕಲ್ಲ, ಇನ್ನೊಬ್ಬ ಕೈದಿಗಾದ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದ. ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ಎತ್ತಿಕೊಂಡಿತು. 1979ರ ಡಿಸೆಂಬರಿನ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಮನೆಯವರ ಮತ್ತು ಗೆಳೆಯರ ಭೇಟಿ ಕೈದಿಗೆ ಎಂಥ ಆಸರೆ ಎಂಬುದನ್ನು ಎತ್ತಿ ಹೇಳಿದರು. 1981ರಲ್ಲಿ ಫ್ರಾನ್ಸಿಸ್ ಕೋರಲಿ ಮುಲ್ಲಿನ್ ಎಂಬ ಬಂಧಿತೆಯ ಮೊಕದ್ದಮೆಯಲ್ಲಿ, ತಿಂಗಳಿಗೊಂದೇ ಭೇಟಿ ಎಂಬ ನಿಯಮ ಸಲ್ಲದು, ಬಂಧುಗಳನ್ನು ಕಾಣುವುದು ಜೀವಿಸುವ ಹಕ್ಕಿನ ಭಾಗ ಎಂದು ಅದೇ ಕೋರ್ಟು ಹೇಳಿತು. ಇದೆಲ್ಲ ನನಗೆ ಬಾಯಿಪಾಠ. ಹಕ್ಕು ಅವನದು, ಹೋಗಬೇಕಾದ ಕಾಲು ನನ್ನದು ಎಂಬುದು ಯಾವ ತೀರ್ಪಿನಲ್ಲೂ ಬರೆದಿರಲಿಲ್ಲ.

ಅಮ್ಮ ಹೋಗುತ್ತಿದ್ದಳು. ಎಪ್ಪತ್ತರ ಮುದುಕಿ, ವಾರವಾರ ಎರಡು ಬಸ್ಸು ಬದಲಾಯಿಸಿಕೊಂಡು. ನನ್ನನ್ನು ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ಒಂದು ರಾತ್ರಿ ಅಡುಗೆಮನೆಯಲ್ಲಿ ಅವಳು ಹುರಿಹಿಟ್ಟನ್ನು ಬಟ್ಟೆಗೆ ಸುರಿಯುತ್ತಿದ್ದದ್ದು ಕಂಡೆ. ಒಬ್ಬನಿಗೆ ಹೆಚ್ಚೆನ್ನಿಸುವಷ್ಟು ಹಿಟ್ಟು. "ಇಷ್ಟೊಂದು ಯಾಕಮ್ಮ?" ಎಂದೆ. "ಅಲ್ಲಿ ಒಂದು ಹುಡುಗ ಇದೆಯಂತೆ ಕಣಪ್ಪ. ಯಾರೂ ಬರಲ್ಲವಂತೆ" ಎಂದಳು. ಅತ್ತೆಯಿಂದ ಸೊಸೆಗೆ ಬಂದಿತ್ತು. ಮೊಮ್ಮಗನಾದ ನನಗೆ ಬಂದದ್ದು ಭಾಷಣ ಮಾತ್ರ.

ಮಾರನೆಯ ದಿನ ರಜಾ ಬರೆದುಕೊಟ್ಟು ಅಮ್ಮನ ಜೊತೆ ಹೊರಟೆ. ಸಾಲಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಸಿಕ್ಕಿಯೇ ಸಿಕ್ಕಿದ. ಅವನ ಕೈಯಲ್ಲೂ ಒಂದು ಚೀಲವಿತ್ತು. "ನಮ್ಮಣ್ಣ ಸಾರ್" ಎಂದ. "ನನ್ನ ತಮ್ಮ" ಎಂದೆ. ಅಷ್ಟೇ. ಇದಕ್ಕೆ ನಾನು ಅಷ್ಟು ದಿನ ಹೆದರಿದ್ದೆ.

ಜಾಲರಿಯ ಆಚೆ ತಮ್ಮ ಬಂದು ನಿಂತ. ಗಡ್ಡ ಬಂದಿತ್ತು, ಇಳಿದುಹೋಗಿದ್ದ. ನಾನು ಕೇಸಿನ ವಿಷಯ, ಧೈರ್ಯದ ಮಾತು ಎಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಅವನು ಕೇಳಿದ್ದು, "ಅಣ್ಣ, ಬೋರಿನಲ್ಲಿ ನೀರು ಬರ್ತಾ ಇದೆಯಾ?" ನನಗೆ ಗೊತ್ತಿರಲಿಲ್ಲ. ಹೊಲದ ಕಡೆ ಹೋಗಿಯೇ ಇರಲಿಲ್ಲ. ಅಮ್ಮ ಹಿಂದಿನಿಂದ, "ಒಂದಿಂಚು ಬರ್ತಿದೆ, ಜೋಳಕ್ಕೆ ಬಿಟ್ಟಿದ್ದೀನಿ" ಎಂದಳು. ಅವನ ಮುಖ ಸಡಿಲಾಯಿತು. ಮುಂದಿನ ವಾರದಿಂದ ನಾನು ಭೇಟಿಗೆ ಹೋಗುವ ಮುಂಚೆ ಹೊಲಕ್ಕೆ ಹೋಗಿಬರತೊಡಗಿದೆ.

ಕೇಸು ಕೊನೆಗೆ ಖುಲಾಸೆಯಾಯಿತು. ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಅವನಂತೆ ವಿಚಾರಣೆಗಾಗಿ ಕಾಯುತ್ತಿರುವವರು. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ಯಾರೂ ಹೇಳಿಲ್ಲ. ಊರು ಮಾತ್ರ ಮೊದಲ ದಿನವೇ ಹೇಳಿಬಿಟ್ಟಿರುತ್ತದೆ, ಅಣ್ಣಂದಿರೂ ಕೆಲವೊಮ್ಮೆ.

ನಿವೃತ್ತಿಗೆ ಮುಂಚಿನ ಕೊನೆಯ ಆಗಸ್ಟ್ 15ರಂದು ಕಥೆಯನ್ನು ಪೂರ್ತಿ ಹೇಳಿದೆ, ಅಡುಗೆಯ ಕೈದಿಯನ್ನೂ ಸೇರಿಸಿ. ಚಪ್ಪಾಳೆ ಸ್ವಲ್ಪ ತಡವಾಗಿ ಬಂತು.

ಮೊನ್ನೆ ಜಗುಲಿಯ ಮೇಲೆ ಇಬ್ಬರೂ ಕಡಲೆಕಾಯಿ ಸುಲಿಯುತ್ತ ಕೂತಿದ್ದಾಗ, ಇಪ್ಪತ್ತು ವರ್ಷ ಗಂಟಲಲ್ಲಿದ್ದ ಮಾತನ್ನು ಎತ್ತಿದೆ. "ಅವತ್ತು ನಾನು ಬರೋದು ಬಹಳ ತಡವಾಯಿತು ಕಣೋ."

ಅವನು ತಲೆ ಎತ್ತಲಿಲ್ಲ. "ನಲವತ್ತೆರಡನೇ ದಿನ ಬಂದೆ" ಎಂದು, ಸುಲಿದ ಕಾಯಿಗಳನ್ನು ನನ್ನ ಕಡೆ ಸರಿಸಿದ.