ಹದಿನೆಂಟರ ನಂತರ ಆಸರೆ ಯಾರು? ವಯಸ್ಕ ಬೌದ್ಧಿಕ ವಿಕಲಚೇತನರ ಸೇವೆ

ಇಂಗಳೇಶ್ವರ (ಬಸವನ ಬಾಗೇವಾಡಿ ತಾ.): ಬಾಲ್ಯದಲ್ಲೇ ಕಾಣಿಸಿಕೊಂಡು ಜೀವನಪರ್ಯಂತ ಉಳಿಯುವ ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದವುಗಳನ್ನು ಬೆಳವಣಿಗೆ ಸಂಬಂಧಿ ವಿಕಲತೆಗಳೆಂದು ಕರೆಯಲಾಗುತ್ತದೆ. 2011ರ ಜನಗಣತಿಯಂತೆ ರಾಜ್ಯದ 13,24,205 ವಿಕಲಚೇತನರ ಪೈಕಿ 93,974 ಮಂದಿಯನ್ನು ಬುದ್ಧಿಮಾಂದ್ಯರೆಂದು ಗುರುತಿಸಲಾಗಿತ್ತು. ಶೇಕಡ 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳ ಮಕ್ಕಳಿಗೆ 6ರಿಂದ 18ನೇ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನೀಡಿದೆ. ಆನಂತರದ ಹೊಣೆ ಬಹುತೇಕ ಮನೆಯವರ ಹೆಗಲೇರುತ್ತದೆ. ತಂದೆತಾಯಿಗಳಿಗೆ ವಯಸ್ಸಾದಂತೆ 'ನಮ್ಮ ನಂತರ ಯಾರು' ಎಂಬ ಪ್ರಶ್ನೆ ಎದುರಾಗುತ್ತದೆ.

ಗ್ರಾಮಮಟ್ಟದ ಕೊಂಡಿ

ಇಂಗಳೇಶ್ವರದಂಥ ಗ್ರಾಮಗಳಲ್ಲಿ ಇಂಥ ಕುಟುಂಬಗಳಿಗೆ ಹತ್ತಿರದಲ್ಲಿ ಸಿಗುವವರು ವಿಆರ್‌ಡಬ್ಲ್ಯು ಎಂದೇ ಪರಿಚಿತರಾದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ರಾಜ್ಯ ಸರ್ಕಾರದ ಯೋಜನೆಯಡಿ ಗ್ರಾಮ ಪಂಚಾಯಿತಿಗೊಬ್ಬರಂತೆ, ವಿಕಲಚೇತನರನ್ನೇ ಈ ಕೆಲಸಕ್ಕೆ ನೇಮಿಸಲಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಇವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ. ವಿಕಲಚೇತನರನ್ನು ಗುರುತಿಸುವುದು, ವೈದ್ಯಕೀಯ ಪ್ರಮಾಣಪತ್ರ, ಗುರುತಿನ ಚೀಟಿ ಹಾಗೂ ಮಾಸಾಶನಕ್ಕೆ ಅರ್ಜಿ ಹಾಕಿಸುವುದು ಇವರ ಮುಖ್ಯ ಕರ್ತವ್ಯ. ದಿನನಿತ್ಯದ ಆರೈಕೆ ಮಾತ್ರ ಮನೆಯವರದ್ದು ಅಥವಾ ಸ್ವಯಂಸೇವಾ ಸಂಸ್ಥೆಗಳ ಸಿಬ್ಬಂದಿಯದ್ದು.

ಕೆಲಸದ ಸ್ವರೂಪ

ಆರೈಕೆಯೆಂದರೆ ಎಲ್ಲವನ್ನೂ ತಾನೇ ಮಾಡಿಕೊಡುವುದಲ್ಲ. ಹಲ್ಲುಜ್ಜುವುದು, ಸ್ನಾನ, ಅಡುಗೆ, ಬಸ್ ಪ್ರಯಾಣ ಮುಂತಾದವುಗಳನ್ನು ಸಣ್ಣ ಸಣ್ಣ ಹಂತಗಳಾಗಿ ವಿಂಗಡಿಸಿ, ಒಂದೊಂದನ್ನೇ ರೂಢಿ ಮಾಡಿಸಿ, ನೆರವನ್ನು ಕ್ರಮೇಣ ಕಡಿಮೆ ಮಾಡುವುದು ಇದರ ಮೂಲ ವಿಧಾನ. ಮಾತು ಬಾರದವರ ನಡವಳಿಕೆ ದಿಢೀರನೆ ಬದಲಾದರೆ ಹಟವೆಂದು ಗದರುವ ಮುನ್ನ ಹಲ್ಲುನೋವು, ಕಿವಿನೋವು, ಮಲಬದ್ಧತೆಗಳಿವೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಮೂರ್ಛೆರೋಗವಿದ್ದಲ್ಲಿ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಅನಿವಾರ್ಯ. ಮೂವತ್ತು ವರ್ಷದವರನ್ನು ಮಗುವಿನಂತೆ ಕಾಣದೆ, ಉಡುಪು, ಊಟ, ಸ್ನೇಹ, ದುಡಿಮೆಗಳಲ್ಲಿ ಅವರ ಇಚ್ಛೆಯನ್ನು ಕೇಳುವುದು ವೃತ್ತಿಧರ್ಮವೆನಿಸಿದೆ.

ಈ ಇಚ್ಛೆಗೆ ಕಾನೂನಿನ ಮನ್ನಣೆಯೂ ಇದೆ. ಚಂಡೀಗಢದ ಸರ್ಕಾರಿ ಆಶ್ರಯಕೇಂದ್ರದಲ್ಲಿದ್ದ, ಅಲ್ಪ ಪ್ರಮಾಣದ ಬೌದ್ಧಿಕ ನ್ಯೂನತೆಯುಳ್ಳ ವಯಸ್ಕ ಮಹಿಳೆಗೆ ಆಕೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪಿತ್ತಿತು.

ಪಾಲಕರ ನೇಮಕ

ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳು ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಕಲತೆಯುಳ್ಳವರಿಗಾಗಿ 1999ರಲ್ಲಿ ಜಾರಿಗೊಂಡ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಹಾಗೂ ಒಬ್ಬ ವಿಕಲಚೇತನರು ಇದರ ಸದಸ್ಯರು. ನೇಮಕಗೊಂಡ ಪಾಲಕರು ಆರು ತಿಂಗಳೊಳಗೆ ವಿಕಲಚೇತನರ ಆಸ್ತಿಯ ಪಟ್ಟಿಯನ್ನೂ ಪ್ರತಿವರ್ಷ ಲೆಕ್ಕಪತ್ರವನ್ನೂ ಒಪ್ಪಿಸಬೇಕು. ಹೊಲಮನೆಯ ಪಾಲು ಕೈತಪ್ಪದಿರಲು ಈ ನಿಯಮ ಮುಖ್ಯವಾದುದು. 2016ರ ಕಾಯ್ದೆಯಲ್ಲಿ ಪ್ರಸ್ತಾಪಿಸಿರುವ 'ಸೀಮಿತ ಪಾಲಕತ್ವ'ದಲ್ಲಂತೂ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ ಇಬ್ಬರೂ ಕೂಡಿ ತೀರ್ಮಾನಿಸಬೇಕಾಗುತ್ತದೆ.

ತರಬೇತಿ

ವಿಶೇಷ ಶಿಕ್ಷಕರು ಹಾಗೂ ಪುನರ್ವಸತಿ ತಜ್ಞರು 1992ರ ಕಾಯ್ದೆಯನ್ವಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಮನೆಯಲ್ಲಿ ಆರೈಕೆ ಮಾಡುವವರಿಗೆ ತರಬೇತಿ ನೀಡಲು ರಾಷ್ಟ್ರೀಯ ಟ್ರಸ್ಟ್ 'ಸಹಯೋಗಿ' ಯೋಜನೆಯನ್ನೂ, ವಯಸ್ಕರ ವಸತಿಗಾಗಿ 'ಘರೌಂದಾ' ಯೋಜನೆಯನ್ನೂ ರೂಪಿಸಿತು. ಅದರ 'ನಿರಾಮಯ' ವಿಮೆಯಡಿ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸಾವೆಚ್ಚ ಭರಿಸಲಾಗುತ್ತದೆ.

ಪ್ರಮಾಣಪತ್ರ, ಬ್ಯಾಂಕ್ ಖಾತೆ ಮತ್ತು ಪಾಲಕರ ನೇಮಕ, ಈ ಮೂರನ್ನು ತಂದೆತಾಯಿಗಳು ತಾವು ಗಟ್ಟಿಯಾಗಿರುವಾಗಲೇ ಪೂರೈಸಿಕೊಳ್ಳುವುದು ಸೂಕ್ತ. ಮೊದಲ ಹೆಜ್ಜೆಯಾಗಿ ತಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದು.