ಸೀಮೆಯಿಂದ ಹಿಸ್ಸೆಗೆ: ಕಳಸದ ನೆಲದ ಲೆಕ್ಕ

ಚಿಕ್ಕಮಗಳೂರು ಜಿಲ್ಲೆಯ ಕಳಸದ ಸುತ್ತಲಿನ ಗುಡ್ಡಗಳಲ್ಲಿರುವ ಯಾವುದೇ ಒಂದು ತುಂಡು ಕಾಫಿ ತೋಟದ ಪಹಣಿಯನ್ನು, ಎಂದರೆ ಆ ನೆಲದ ವಿಸ್ತೀರ್ಣ, ಕಂದಾಯ, ಹಕ್ಕುದಾರರು ಮತ್ತು ಋಣಭಾರಗಳನ್ನು ತೋರಿಸುವ ಪತ್ರವನ್ನು, ಇಂದು ಗಣಕದಲ್ಲಿ ನೋಡಬೇಕಾದವರು ಮೊದಲು ಜಿಲ್ಲೆಯನ್ನು, ಅದರೊಳಗೆ ತಾಲ್ಲೂಕನ್ನು, ಅದರೊಳಗೆ ಹೋಬಳಿಯನ್ನು, ಆಮೇಲೆ ಗ್ರಾಮವನ್ನು ಆರಿಸಿ, ಸರ್ವೆ ನಂಬರು ಬರೆದು, ಸರ್ನೋಕ್ ಎಂಬ ಉಪಗುರುತನ್ನೂ ಹಿಸ್ಸಾ ಸಂಖ್ಯೆಯನ್ನೂ ಗುರುತಿಸಿ ಕೆಳಗಿಳಿಯಬೇಕು. ಒಂದರೊಳಗೊಂದು ಅಡಗಿರುವ ಇಂತಹ ಪಟ್ಟಿಗಳ ರಚನೆಗೆ ಪ್ರೋಗ್ರಾಮಿಂಗಿನ ಪರಿಭಾಷೆಯಲ್ಲಿ ನೆಸ್ಟೆಡ್ ಅರೇ ಎಂದು ಹೆಸರು. ಈ ರಚನೆಯ ತಳದಲ್ಲಿರುವ ಪ್ರತಿಯೊಂದು ಬಿಡಿ ಅಂಶಕ್ಕೂ ಒಂದೇ ನಿಯಮವನ್ನು ಅನ್ವಯಿಸಬೇಕಾದಾಗ, ನಿಯಮವನ್ನು ಒಂದು ಕಿರುಕಾರ್ಯವಾಗಿ ಬರೆದು, ಪಟ್ಟಿಯನ್ನು ಸುತ್ತುವ ಇನ್ನೊಂದು ಕಾರ್ಯದ ಕೈಗೆ ಒಪ್ಪಿಸಲಾಗುತ್ತದೆ; ಹೀಗೆ ಒಪ್ಪಿಸಲಾದ ಕಿರುಕಾರ್ಯವೇ ಕಾಲ್‌ಬ್ಯಾಕ್. ಸುತ್ತುವ ಕಾರ್ಯವು ಎದುರಾದ ಅಂಶ ಇನ್ನೊಂದು ಪಟ್ಟಿಯೋ ಬಿಡಿ ಅಂಶವೋ ಎಂದು ಪರೀಕ್ಷಿಸಿ, ಪಟ್ಟಿಯಾಗಿದ್ದರೆ ಅದರೊಳಕ್ಕೆ ತನ್ನನ್ನೇ ಮತ್ತೆ ಕಳುಹಿಸಿಕೊಳ್ಳುತ್ತದೆ, ಬಿಡಿ ಅಂಶವಾಗಿದ್ದರೆ ಮಾತ್ರ ಕಾಲ್‌ಬ್ಯಾಕನ್ನು ಕರೆಯುತ್ತದೆ. ತನ್ನನ್ನು ತಾನೇ ಕರೆದುಕೊಳ್ಳುವ ಈ ಕ್ರಮವೇ ರಿಕರ್ಷನ್.

ಗಣಕದಲ್ಲಿ ಈ ವಿಧಾನಕ್ಕೆ ಖಚಿತ ರೂಪ ಕೊಟ್ಟ ಮೊದಲಿಗರಲ್ಲಿ ಜಾನ್ ಮೆಕಾರ್ಥಿ ಒಬ್ಬರು. ಅವರು 1960ರಲ್ಲಿ ಪ್ರಕಟಿಸಿದ ಲಿಸ್ಪ್ ಭಾಷೆಯ ಪ್ರಬಂಧದಲ್ಲಿ, ಎದುರಿಗಿರುವುದು ಒಡೆಯಲಾಗದ ಅಣುವೇ ಅಲ್ಲವೇ ಎಂಬ ಒಂದೇ ಪ್ರಶ್ನೆಯ ಮೇಲೆ ಒಂದರೊಳಗೊಂದಿರುವ ಪಟ್ಟಿಗಳ ಮೇಲಿನ ಕಾರ್ಯಗಳು ನಿಂತಿದ್ದವು, ಒಂದು ಕಾರ್ಯವನ್ನು ಇನ್ನೊಂದಕ್ಕೆ ಒಪ್ಪಿಸುವ ಕ್ರಮವೂ ಅಲ್ಲಿತ್ತು. ಜಾಲತಾಣಗಳ ರಚನೆಗೆ ಬಹುವಾಗಿ ಬಳಕೆಯಾಗುವ ಪಿಎಚ್‌ಪಿ ಭಾಷೆಯ ಐದನೆಯ ಆವೃತ್ತಿ 2004ರಲ್ಲಿ ಹೊರಬಂದಾಗ ಇದೇ ಕೆಲಸಕ್ಕೆ ‘ಅರೇ ವಾಕ್ ರಿಕರ್ಸಿವ್’ ಎಂಬ ಸಿದ್ಧ ಕಾರ್ಯ ಸೇರಿಕೊಂಡಿತು. ನಡುವಣ ಪಟ್ಟಿಗಳನ್ನು ಕಾಲ್‌ಬ್ಯಾಕಿಗೆ ಕೊಡದೆ, ತಳದ ಬಿಡಿ ಅಂಶಗಳನ್ನಷ್ಟೇ ಕೊಡುವುದು ಅದರ ಲಕ್ಷಣ. ಆದರೆ ರಾಜ್ಯವೊಂದರ ನಿಯಮವನ್ನು ಪಾತಳಿಯಿಂದ ಪಾತಳಿಗೆ ಇಳಿಸಿ ಕಟ್ಟಕಡೆಯ ಗದ್ದೆಗೆ ಮುಟ್ಟಿಸುವ ಕೆಲಸ ಗಣಕಕ್ಕಿಂತ ಬಹಳ ಹಳೆಯದು, ಮಲೆನಾಡಿನಲ್ಲಿ ಅದರ ಇತಿಹಾಸವನ್ನು ಹದಿನೇಳನೆಯ ಶತಮಾನದಿಂದ ಸಾಕಷ್ಟು ಸ್ಪಷ್ಟವಾಗಿ ಹಿಂಬಾಲಿಸಬಹುದು.

ಇಂದಿನ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಮಲೆನಾಡಿನ ದೊಡ್ಡ ಭಾಗ 1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದುಕೊಳ್ಳುವವರೆಗೆ ಕೆಳದಿ ಅರಸರ ಆಳ್ವಿಕೆಗೆ ಸೇರಿತ್ತು. ಆ ಮನೆತನದ ಶಿವಪ್ಪನಾಯಕನು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ರೂಪಿಸಿದ ಭೂಕಂದಾಯದ ಪದ್ಧತಿಗೆ ‘ಶಿಸ್ತು’ ಎಂದು ಹೆಸರಾಯಿತು, ಜನ ಅವನನ್ನು ಶಿಸ್ತಿನ ಶಿವಪ್ಪನಾಯಕನೆಂದೇ ನೆನೆದರು. ಬೆಂಜಮಿನ್ ಲೂಯಿಸ್ ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿರುವಂತೆ, ಶಿವಪ್ಪನಾಯಕನು ಹಳ್ಳಿ ಹಳ್ಳಿಯಲ್ಲೂ ಪ್ರತಿ ಬಗೆಯ ಒಂದೊಂದು ಹೊಲವನ್ನು ಹನ್ನೆರಡು ವರ್ಷಗಳ ಕಾಲ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು ಮತ್ತು ಅದರ ಬೆಲೆಯನ್ನು ಬರೆಸಿ, ಅವುಗಳ ಸರಾಸರಿಯ ಮೇಲೆ ಸರ್ಕಾರದ ಪಾಲನ್ನು ಮೂರನೆಯ ಒಂದು ಭಾಗವೆಂದು ಗೊತ್ತುಪಡಿಸಿದನು. ನೆಲವನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ದರ್ಜೆಗಳಾಗಿ ವಿಂಗಡಿಸಲಾಯಿತು. ಅಡಕೆ ತೋಟಗಳಿಗೆ ಬೇರೆಯದೇ ಅಳತೆ: ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲು ಮೆಟ್ಟಿಲಿನ ಉದ್ದವನ್ನು, ಎಂದರೆ 18 ಅಡಿ 6 ಅಂಗುಲವನ್ನು, ಅಳತೆಗೋಲಾಗಿ ಹಿಡಿದು, ಒಂದು ಮರಕ್ಕೆ ಸಲ್ಲುವ ಅಷ್ಟು ಜಾಗವನ್ನು ‘ದಾಯ’ವೆಂದು ಕರೆದು, ಸಾವಿರ ದಾಯಗಳಿಗೆ ಇಷ್ಟು ಎಂದು ಕಂದಾಯ ಕಟ್ಟಲಾಯಿತು. ಅರಮನೆಯಲ್ಲಿ ರೂಪುಗೊಂಡ ನಿಯಮ ಸೀಮೆ, ಹಳ್ಳಿಗಳನ್ನು ದಾಟಿ ಒಂದು ಮರದ ಬುಡದ ಅಳತೆಯವರೆಗೆ ಇಳಿದು ನಿಂತಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ಸೀಮೆಗೆ ಇಷ್ಟು ಎಂದು ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಗಿಂತ ಇದು ಮೂಲದಲ್ಲೇ ಭಿನ್ನವಾದುದು.

ಕಾಫಿ ಈ ಲೆಕ್ಕದೊಳಕ್ಕೆ ತಡವಾಗಿ ಬಂತು, ಬಂದಾಗಲೂ ನೆಲದ ಮೂಲಕ ಬರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಕಾಫಿಗೆ ಎಕರೆಯ ಕಂದಾಯ ಇರಲಿಲ್ಲ. ಫಸಲಿನ ಮೇಲೆ ಮಣಕ್ಕೆ ಇಷ್ಟೆಂದು ‘ಹಾಲತ್’ ಎಂಬ ಸುಂಕ ವಸೂಲಾಗುತ್ತಿತ್ತು, 1849ರಿಂದ ಅದರ ದರ ಮಣಕ್ಕೆ ನಾಲ್ಕಾಣೆಗೆ ಇಳಿದಿತ್ತು. ಮೂಟೆಯನ್ನು ತೂಗುವವನಿಗೆ ಆ ಕಾಫಿ ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಬೆಳೆದದ್ದು ಎಂಬುದು ಬೇಕಿರಲಿಲ್ಲವಾದ್ದರಿಂದ, ಈ ಪದ್ಧತಿಗೆ ಪಾತಳಿಗಳ ಹಂಗೂ ಇರಲಿಲ್ಲ. 1885ರಲ್ಲಿ ಹಾಲತ್ ರದ್ದಾಗಿ ಎಕರೆಯ ಮೇಲಿನ ಕಂದಾಯ ಬಂದ ಮೇಲೆಯೇ ಕಾಫಿ ತೋಟವೂ ಗದ್ದೆ, ಅಡಕೆ ತೋಟಗಳಂತೆ ಗ್ರಾಮದ ಲೆಕ್ಕದೊಳಗಿನ ಒಂದು ಅಂಶವಾಯಿತು.

ಅಷ್ಟು ಹೊತ್ತಿಗೆ ಆ ಲೆಕ್ಕದ ಸ್ವರೂಪವೇ ಬದಲಾಗುತ್ತಿತ್ತು. ಬ್ರಿಟಿಷ್ ಕಮಿಷನರ್ ಬೌರಿಂಗ್ ಅವರ ಆಡಳಿತದಲ್ಲಿ, 1863ರಲ್ಲಿ, ಮುಂಬಯಿ ಪ್ರಾಂತ್ಯದ ಮಾದರಿಯ ಮೋಜಣಿ ಮತ್ತು ಜಮೀನು ದರ್ಜೆ ನಿರ್ಣಯದ ಕಾರ್ಯ ಮೈಸೂರಿನಲ್ಲಿ ಆರಂಭವಾಯಿತು. ಮೋಜಣಿಯ ಸರಪಳಿ 33 ಅಡಿ ಉದ್ದದ್ದು. ಅದರ ಒಂದು ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ, ಗುಂಟೆಯ ಹದಿನಾರನೆಯ ಒಂದು ಭಾಗ ಒಂದು ಆಣೆ. ಮಣ್ಣಿನ ಗುಣವನ್ನೂ ಇದೇ ಆಣೆಯ ಲೆಕ್ಕದಲ್ಲಿ ಹೇಳಲಾಗುತ್ತಿತ್ತು. ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಎಂಬ ಮುಂಬಯಿ ಪ್ರಾಂತ್ಯದ ಮೂವರು ಅಧಿಕಾರಿಗಳು 1847ರಲ್ಲಿ ಸಲ್ಲಿಸಿದ ಜಂಟಿ ವರದಿಯ ಪ್ರಕಾರ, ಖುಷ್ಕಿ ಹೊಲವೊಂದನ್ನು ನಕ್ಷೆಯ ಮೇಲೆ ಹೆಚ್ಚುಕಡಿಮೆ ಸಮನಾದ ಚೌಕಗಳಾಗಿ ಭಾಗಿಸಿ, ಪ್ರತಿಯೊಂದು ಚೌಕದಲ್ಲೂ ಮಣ್ಣಿನ ಜಾತಿಯನ್ನೂ ಆಳವನ್ನೂ ಪರೀಕ್ಷಿಸಿ, ಒಂಬತ್ತು ದರ್ಜೆಗಳಲ್ಲಿ ಒಂದಕ್ಕೆ ಅದನ್ನು ಸೇರಿಸಬೇಕು. ಒಂದೂಮುಕ್ಕಾಲು ಮೊಳ ಆಳದ ಅತ್ಯುತ್ತಮ ಮಣ್ಣಿಗೆ 16 ಆಣೆ, ಆಮೇಲೆ 14, 12, 10, 8, 6, ನಾಲ್ಕೂವರೆ, 3, ಕಡೆಗೆ 2 ಆಣೆ. ಕಲ್ಲುಹರಳು, ಮರಳು, ಇಳಿಜಾರು, ಹರಿಯುವ ನೀರಿಗೆ ಕೊಚ್ಚಿಹೋಗುವ ಸ್ವಭಾವ, ನೀರು ನಿಂತು ಜೌಗಾಗುವುದು ಮೊದಲಾದ ಏಳು ದೋಷಗಳನ್ನು ವರದಿ ಹೆಸರಿಸಿತ್ತು, ಒಂದೊಂದು ದೋಷಕ್ಕೂ ಆ ಚೌಕ ಒಂದೊಂದು ದರ್ಜೆ ಕೆಳಗಿಳಿಯುತ್ತಿತ್ತು.

ಲೆಕ್ಕ ನಡೆಯುವ ಬಗೆಯನ್ನು ಒಂದು ಕಲ್ಪಿತ ಹೊಲದಲ್ಲಿ ನೋಡಬಹುದು. ನಾಲ್ಕು ಚೌಕಗಳಲ್ಲಿ ಎರಡು ತಲಾ 12 ಆಣೆಯವು, ಮೂರನೆಯದು 10 ಆಣೆಯದು, ನಾಲ್ಕನೆಯದು ಮಣ್ಣಿನಿಂದ 14 ಆಣೆಯದಾದರೂ ಇಳಿಜಾರಿನ ದೋಷದಿಂದ 12ಕ್ಕೆ ಇಳಿದದ್ದು ಎಂದಾದರೆ, ಮೊತ್ತ 46, ಸರಾಸರಿ ಹನ್ನೊಂದೂವರೆ ಆಣೆ. ಆ ಹಳ್ಳಿಯ ಗುಂಪಿಗೆ ಹವೆ, ಸಂತೆಯ ಸಾಮೀಪ್ಯ, ಬೇಸಾಯದ ಸ್ಥಿತಿ ಇವನ್ನೆಲ್ಲ ನೋಡಿ ನಿಗದಿ ಮಾಡಿದ ಗರಿಷ್ಠ ದರ ಎಕರೆಗೆ ಒಂದು ರೂಪಾಯಿ ಇದ್ದರೆ, ಈ ಹೊಲದ ಕಂದಾಯ ಎಕರೆಗೆ ಹನ್ನೊಂದೂವರೆ ಆಣೆ. ದರ್ಜೆ ನಿರ್ಣಯದ ಈ ಸೂತ್ರವೇ ಇಲ್ಲಿ ಕಾಲ್‌ಬ್ಯಾಕ್. ಅದು ಜಿಲ್ಲೆಯ ಮೇಲೆ, ಹೋಬಳಿಯ ಮೇಲೆ, ಗ್ರಾಮದ ಮೇಲೆ ನೇರವಾಗಿ ನಡೆಯದೆ, ಇವೆಲ್ಲವನ್ನೂ ತೆರೆದುಕೊಂಡು ಹೋಗಿ ಕಟ್ಟಕಡೆಯ ಚೌಕದ ಮೇಲೆ ಮಾತ್ರ ನಡೆಯುತ್ತದೆ. ಇಳಿಜಾರನ್ನೇ ದೋಷವೆಂದು ಎಣಿಸುವ ಈ ಸೂತ್ರ ಬಯಲುಸೀಮೆಯ ಕಣ್ಣಿನಿಂದ ಹುಟ್ಟಿದ್ದೆಂಬುದು ಸ್ಪಷ್ಟ. ಸಮತಟ್ಟಾದ ನೆಲವೇ ಅಪರೂಪವಾದ ಕಳಸದಂತಹ ಸೀಮೆಯಲ್ಲಿ ಕಾಫಿಗೆ ಇಳಿಜಾರೇ ಬೇಕು, ನೀರು ನಿಲ್ಲುವ ಕಡೆ ಗಿಡದ ಬೇರು ಕೊಳೆಯುತ್ತದೆ.

ಕಂದಾಯದ ನಿಯಮ ಕೆಳಗಿಳಿದರೆ ಮೊತ್ತ ಮೇಲೇರಬೇಕು. ಹಳ್ಳಿಯ ಶಾನುಭೋಗನು ಖಾತೆವಾರು ಬರೆದ ಬಾಕಿ, ವಸೂಲಿಗಳ ಸಾರಾಂಶವಾದ ತೇರೀಜು ಹೋಬಳಿಯ ಶೇಕ್ದಾರನಿಗೂ, ಅಲ್ಲಿಂದ ತಾಲ್ಲೂಕಿನ ಅಮಲ್ದಾರನಿಗೂ ಹೋಗುತ್ತಿತ್ತು, ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಮೇಲಧಿಕಾರಿ ಗ್ರಾಮಲೆಕ್ಕಗಳನ್ನು ತಾಳೆ ನೋಡುತ್ತಿದ್ದನು. ಗಣಕದ ಸಿದ್ಧ ಕಾರ್ಯಕ್ಕೂ ಈ ಮಾನವ ಯಂತ್ರಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ಅಲ್ಲಿ ನಡುವಣ ಪಟ್ಟಿಗಳು ಬರಿಯ ಪೆಟ್ಟಿಗೆಗಳು, ಇಲ್ಲಿ ಪ್ರತಿ ಪಾತಳಿಯಲ್ಲೂ ಒಬ್ಬ ಮನುಷ್ಯ ಕುಳಿತಿದ್ದನು, ಅವನಿಗೆ ತನ್ನದೇ ಹಿತಾಸಕ್ತಿ ಇತ್ತು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆಯಿಂದ ಕೊನೆಗೊಂಡವು. ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು.

ಪಾತಳಿಗಳು ಎಲ್ಲೆಡೆಯೂ ಒಂದೇ ಆಳಕ್ಕೆ ಇಳಿಯುತ್ತಿದ್ದರೆ ರಿಕರ್ಷನ್ನಿನ ಅಗತ್ಯವೇ ಬೀಳುತ್ತಿರಲಿಲ್ಲ. ಐದು ಹಂತಗಳನ್ನು ಒಂದಾದ ಮೇಲೊಂದು ಬರೆದು ಮುಗಿಸಬಹುದಿತ್ತು. ಕಳಸದ ನೆಲ ಹಾಗಿಲ್ಲ. ಒಂದು ದೊಡ್ಡ ಎಸ್ಟೇಟಿನ ಸರ್ವೆ ನಂಬರು ಒಬ್ಬನೇ ಮಾಲೀಕನ ಹೆಸರಿನಲ್ಲಿ ಅಖಂಡವಾಗಿ ಉಳಿದಿರುತ್ತದೆ, ಅದೇ ಗ್ರಾಮದ ಕಣಿವೆಯಲ್ಲಿರುವ ಅಡಕೆ ತೋಟವೋ ಗದ್ದೆಯೋ ಅಣ್ಣತಮ್ಮಂದಿರ ಪಾಲಿನಲ್ಲಿ 1, 2, 3 ಎಂದು ಹಿಸ್ಸೆಗಳಾಗಿ, ಮುಂದಿನ ತಲೆಮಾರಿನಲ್ಲಿ ಆ ಹಿಸ್ಸೆಗಳೂ ಮತ್ತೆ ತುಂಡಾಗಿ ಹೋಗಿರುತ್ತವೆ. ಹೀಗೆ ಸರ್ವೆ ನಂಬರನ್ನು ಅಳೆದು, ಗಡಿ ಗುರುತಿಸಿ, ಪ್ರತ್ಯೇಕ ಸಂಖ್ಯೆ ಕೊಡುವ ಕೆಲಸಕ್ಕೆ ಪೋಡಿ ಎನ್ನುತ್ತಾರೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರನನ್ನು ಉಳುವ ನೆಲಕ್ಕೆ ಒಡೆಯನನ್ನಾಗಿಸಿದ ಮೇಲೆ ಮತ್ತು ಬಗರ್‌ಹುಕುಂ ಸಾಗುವಳಿ, ಎಂದರೆ ಸರ್ಕಾರಿ ನೆಲದ ಅನಧಿಕೃತ ಸಾಗುವಳಿ, ಸಕ್ರಮವಾಗತೊಡಗಿದ ಮೇಲೆ ಪೋಡಿಯಾಗಬೇಕಾದ ತುಂಡುಗಳು ಇನ್ನೂ ಹೆಚ್ಚಿದವು, ಅಳೆಯುವ ಕೈಗಳು ಅಷ್ಟು ಹೆಚ್ಚಲಿಲ್ಲ.

ಭೂದಾಖಲೆಗಳ ಗಣಕೀಕರಣಕ್ಕೆಂದು ರಾಜ್ಯ ಸರ್ಕಾರ ಕೈಗೊಂಡ ಭೂಮಿ ಯೋಜನೆಯು ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತೆ ಮಾಡಿ, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಂತೆ ಮಾಡಿತು. ಪಾತಳಿಗಳ ಆ ರಚನೆ ಎಷ್ಟು ಸಡಿಲವಾಗಿ ಹೊಂದಿಕೊಳ್ಳಬಲ್ಲದೆಂಬುದಕ್ಕೆ ಕಳಸವೇ ಸಾಕ್ಷಿ: ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಅದು 2019ರ ರಾಜ್ಯ ಬಜೆಟ್ಟಿನ ಘೋಷಣೆಯ ಫಲವಾಗಿ ತಾನೇ ತಾಲ್ಲೂಕಾದಾಗ ಮೇಲಿನ ಪೆಟ್ಟಿಗೆಗಳಷ್ಟೇ ಜಾಗ ಬದಲಿಸಿದವು, ತಳದ ಸರ್ವೆ ನಂಬರುಗಳ ಎಲ್ಲೆಕಲ್ಲುಗಳು ಇದ್ದಲ್ಲೇ ಇದ್ದವು.

ಆದರೆ ಗಣಕವು ದಾಖಲೆಯಲ್ಲಿದ್ದುದನ್ನು ನಕಲು ಮಾಡಿತೇ ಹೊರತು ಪೋಡಿ ಮಾಡಲಿಲ್ಲ. ಸರ್ಕಾರಿ ಸರ್ವೆ ನಂಬರೊಂದರಲ್ಲಿ ಹಲವರಿಗೆ ನೆಲ ಮಂಜೂರಾಗಿದ್ದು ದರಖಾಸ್ತು ಪೋಡಿ, ಎಂದರೆ ಮಂಜೂರಾದ ತುಂಡುಗಳ ಪೋಡಿ, ನಡೆಯದಿದ್ದರೆ, ಅಷ್ಟೂ ಜನರ ಹೆಸರು ಒಂದೇ ಪಹಣಿಯ 9ನೆಯ ಕಾಲಮಿನಲ್ಲಿ ಸಾಲಾಗಿ ನಿಲ್ಲುತ್ತದೆ. ವಾಸ್ತವದಲ್ಲಿ ಪಟ್ಟಿಯಾಗಿರುವುದು ಲೆಕ್ಕದಲ್ಲಿ ಬಿಡಿ ಅಂಶವಾಗಿ ತೋರುತ್ತದೆ. ಕೆಲವೆಡೆ ಮಂಜೂರಾದ ನೆಲದ ಮೊತ್ತ ಆಕಾರಬಂದಿನಲ್ಲಿ, ಎಂದರೆ ಸರ್ವೆ ನಂಬರಿನ ಮೂಲ ವಿಸ್ತೀರ್ಣದ ದಾಖಲೆಯಲ್ಲಿ, ಇರುವ ಎಕರೆಗಳನ್ನೇ ಮೀರುತ್ತದೆ. ಅಂತಹ ಕಡೆ ಸಾಲಕ್ಕೋ ಪಾಲಿಗೋ ಮಾರಾಟಕ್ಕೋ ತನ್ನ ತುಂಡಿನ ನಕ್ಷೆ ಬೇಕಾದ ಬೆಳೆಗಾರನಿಗೆ, ಯಾರ ತೋಟ ಯಾವ ಹಳ್ಳದ ಆಚೆ ಮುಗಿಯುತ್ತದೆ ಎಂಬುದನ್ನು ಹೇಳುವ ಗೆರೆಯೇ ದಾಖಲೆಯಲ್ಲಿ ಇರುವುದಿಲ್ಲ, ಭೂಮಾಪಕನು ಕಾಫಿ ಸಾಲುಗಳ ನಡುವೆ ಇಳಿದು ಅಳೆದು, ಅಕ್ಕಪಕ್ಕದ ಹಿಡುವಳಿದಾರರು ಒಪ್ಪಿ ಸಹಿ ಹಾಕುವವರೆಗೆ ಅರ್ಜಿಯು ತಾಲ್ಲೂಕು ಕಚೇರಿಯ ಕಡತದಲ್ಲೇ ಇರುತ್ತದೆ.